ಚಿಕ್ಕಮ್ಮನ ಕಾಲ್ಗುಣವೂ ನಮ್ಮೂರ ಟೀಮೂ

ಜಗಳೂರಿನ ನಮ್ಮ ಮನೆಯ ಮಾಳಿಗೆ ಹತ್ತಿದರೆ ಹಿಂದಿನ ಶಾಲೆಯ ಬಯಲು ಪೂರ್ತಿ ಕಾಣುತ್ತಿತ್ತು. ಬಯಲಿನ ಮೂಲೆಯಲ್ಲಿ ಸುಣ್ಣದ ಗೆರೆ ಎಳೆದ ಬಾಲ್ ಬ್ಯಾಡ್ಮಿಂಟನ್ ಅಂಕಣ, ಆ ಅಂಕಣದಲ್ಲಿ ನಮ್ಮೂರ ಟೀಮು ಸೋಲುವುದು, ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಈಗಿನ ಮಕ್ಕಳಿಗೆ ಆ ಆಟದ ಹೆಸರು ಹೇಳಿದರೆ ಷಟಲ್ಲಾ ಎಂದು ಕೇಳುತ್ತಾರೆ. ಷಟಲ್ಲಲ್ಲ. ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆಗೆ ಐದೈದು ಜನ, ಇಪ್ಪತ್ತೊಂಬತ್ತು ಪಾಯಿಂಟಿಗೆ ಒಂದು ಗೇಮು, ಮೂರರಲ್ಲಿ ಎರಡು ಗೆದ್ದವರದ್ದು ಪಂದ್ಯ. ಗಾಳಿ ಬೀಸಿದರೆ ಚೆಂಡು ತನಗೆ ಬೇಕಾದ ಕಡೆ ಹೋಗಿಬಿಡುತ್ತಿತ್ತು, ಜಗಳೂರಿನಲ್ಲಿ ಮಿಕ್ಕ ಯಾವುದಕ್ಕೆ ಕೊರತೆಯಿದ್ದರೂ ಗಾಳಿಗೆ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಊರುಗಳಿಗೆಲ್ಲ ಈ ಆಟದ ಹುಚ್ಚು ಹಿಡಿದಿತ್ತು. ಚನ್ನಗಿರಿಗೊಂದು ಟೀಮು, ಹೊನ್ನಾಳಿಗೊಂದು, ನ್ಯಾಮತಿಗೊಂದು. ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಇವರೆಲ್ಲ ನಮ್ಮೂರಿಗೆ ಬಂದು, ನಮ್ಮೂರ ಮಂಡಕ್ಕಿ ಮೆಣಸಿನಕಾಯಿ ತಿಂದು, ನಮ್ಮೂರವರನ್ನು ಸೋಲಿಸಿ, ನಮ್ಮೂರವರೇ ದುಡ್ಡು ಹಾಕಿ ತರಿಸಿದ ಕಪ್ಪನ್ನು ಎತ್ತಿಕೊಂಡು ಬಸ್ಸು ಹತ್ತುತ್ತಿದ್ದರು.

ಸೋಲುವುದರಲ್ಲೂ ಒಂದು ಮರ್ಯಾದೆ ಇರುತ್ತದೆ. ಮೊದಲೇ ಕೈಚೆಲ್ಲಿದರೆ ನೋಡುವವರು ಮನೆಗೆ ಹೋಗಿ ಉಂಡು ಮಲಗಬಹುದು. ನಮ್ಮವರು ಅಷ್ಟು ಉಪಕಾರ ಮಾಡುತ್ತಿರಲಿಲ್ಲ. ಮೊದಲ ಗೇಮು ಗೆದ್ದು, ಎರಡನೆಯದನ್ನು ಬಿಟ್ಟುಕೊಟ್ಟು, ಮೂರನೆಯದರಲ್ಲಿ ಇಪ್ಪತ್ತೇಳರವರೆಗೆ ಹೋಗಿ, ಇಡೀ ಊರು ಎದ್ದು ನಿಂತು ಶಿಳ್ಳೆ ಹೊಡೆಯಲು ಶುರು ಮಾಡಿದ ಮೇಲೆ ಸೋಲುತ್ತಿದ್ದರು. ಹಿಂದಿನ ಸಾಲಿನ ಎಡಗಡೆ ಆಡುತ್ತಿದ್ದ ಹಿಟ್ಟಿನ ಗಿರಣಿಯ ಪರಮೇಶಿ, ಚೆಂಡು ಜೋರಾಗಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು, ದುರದೃಷ್ಟಕ್ಕೆ ಹೊನ್ನಾಳಿಯವರಿಗೂ ಗೊತ್ತಿತ್ತು. ನಟ್ಟನಡುವೆ ಸೆಂಟರಿನಲ್ಲಿ ಆಡುತ್ತಿದ್ದವನು ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ ತಿಪ್ಪೇಶಿ. ಹಾಗಾಗಿ ಟೀಮು ಸೋತರೆ ಬೇರೆಯವರ ಮನೆಯಲ್ಲಿ ಬೇಸರವಾಗುತ್ತಿತ್ತು, ನಮ್ಮ ಮನೆಯಲ್ಲಿ ಸೂತಕ. ಚಿಕ್ಕಪ್ಪ ಹಿತ್ತಲಲ್ಲಿ ಕಾಲು ತೊಳೆದು ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಖಾಸಗಿ ಬಸ್ಸಿನ ಏಜೆಂಟರಾಗಿದ್ದ ಅಪ್ಪ, ದಿನವಿಡೀ ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಗಟ್ಟಿಯಾಗಿದ್ದ ಅದೇ ಗಂಟಲಿನಲ್ಲಿ ಮಾಳಿಗೆಯ ಏಣಿ ಇಳಿಯುತ್ತಲೇ ಸಾರುತ್ತಿದ್ದರು:

"ಇವತ್ತಿಗೆ ಮುಗೀತು! ಇನ್ನೊಂದ್ ಸಲ ಈ ಮಾಳಿಗೆ ಹತ್ತಿದ್ರೆ ನನ್ನ ಹೆಸರು ಬದಲಾಯ್ಸಿ ಕರೀರಿ!"

ಮುಂದಿನ ಪಂದ್ಯಕ್ಕೆ ಏಣಿಗೆ ಮೊದಲು ಕಾಲಿಡುತ್ತಿದ್ದವರೂ ಅವರೇ. ಅವ್ವ ಕೆಳಗೆ ಏಣಿ ಹಿಡಿದುಕೊಂಡು ನಿಂತು ಕೇಳುತ್ತಿದ್ದಳು:

"ಈಗ ಏನಂತ ಕರೀಬೇಕ್ರಿ ನಿಮ್ಮನ್ನ?"

ಮಾಳಿಗೆಯ ಮೇಲೆ ನಮಗೆಲ್ಲ ಜಾಗ ನಿಗದಿಯಾಗಿತ್ತು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಒಂದೇ ಒಂದು ಸಲ ನಮ್ಮವರು ನ್ಯಾಮತಿಯನ್ನು ಸೋಲಿಸಿದ್ದರು. ಆ ದಿನ ಯಾರು ಎಲ್ಲಿ ಕೂತಿದ್ದರೋ, ಏನು ಮಾಡುತ್ತಿದ್ದರೋ, ಅದು ಕಾನೂನಾಯಿತು. ಅಜ್ಜಿ ಬೆಳಕಿಂಡಿಯ ಪಕ್ಕ ಕಾಲು ಚಾಚಿ, ಎಲೆಯಡಿಕೆಯ ಚೀಲ ಬಲಗಡೆ ಇಟ್ಟುಕೊಂಡು ಕೂರಬೇಕು. ಅಪ್ಪ ನಿಂತೇ ಇರಬೇಕು. ಅವ್ವ ಆ ದಿನ ಮೊರದಲ್ಲಿ ಹುರುಳಿ ಕೇರುತ್ತಿದ್ದಳಂತೆ, ಪಾಪ, ಆಮೇಲೆ ಪ್ರತಿ ಪಂದ್ಯಕ್ಕೂ ಕೇರಿದ ಹುರುಳಿಯನ್ನೇ ಮತ್ತೆ ಕೇರಬೇಕಾಯಿತು. ಅಡುಗೆಯೂ ಅದೇ: ಮುದ್ದೆ, ಹುರುಳಿಕಾಳಿನ ಸಾರು. ಒಂದು ವರ್ಷ ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಕ್ಕೆ ಹೊನ್ನಾಳಿಯ ಎದುರು ಸೋತೆವೆಂದು ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ನಾನಂತೂ ಇದನ್ನೆಲ್ಲ ಶುದ್ಧ ಮನಸ್ಸಿನಿಂದ ನಂಬಿದ್ದೆ. ದೊಡ್ಡವರಿಗೆ ಇದರಲ್ಲಿ ಅರ್ಧ ತಮಾಷೆಯಿತ್ತು, ನನಗೆ ಒಂದು ಚೂರೂ ಇರಲಿಲ್ಲ. ಚಿಕ್ಕಪ್ಪ ಸರ್ವಿಸು ಮಾಡುವಾಗ ನಾನು ಉಸಿರು ಬಿಗಿಹಿಡಿದರೆ ಚೆಂಡು ಬಲೆಗೆ ತಾಗುವುದಿಲ್ಲ ಎಂಬುದು ನನ್ನ ಸ್ವಂತ ಸಂಶೋಧನೆಯಾಗಿತ್ತು. ದೇವರ ಮುಂದೆ ನಿಂತು ಬೇರೆ ಮಕ್ಕಳು ಪರೀಕ್ಷೆ ಪಾಸು ಮಾಡಿಸು ಎಂದು ಕೇಳುವ ವಯಸ್ಸಿನಲ್ಲಿ ನಾನು ಪರಮೇಶಿಯ ಕಣ್ಣು ತೆರೆಸು ಎಂದು ಕೇಳುತ್ತಿದ್ದೆ.

ಇಂಥ ಮನೆಗೆ ಗಿರಿಜ ಚಿಕ್ಕಮ್ಮ ಸೊಸೆಯಾಗಿ ಬಂದಳು. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಹುಡುಗಿ. ಹೊಳೆ ದಂಡೆಯಲ್ಲಿ ಬೆಳೆದವಳು, ಎರಡು ಹೊತ್ತೂ ಅನ್ನ ಉಂಡವಳು. ನಮ್ಮ ಮನೆಯ ಸಜ್ಜೆ ರೊಟ್ಟಿ ತಟ್ಟಲು ಹೋಗಿ ಮೊದಲ ವಾರ ಎಲ್ಲವನ್ನೂ ಹರಿದು ಹಾಕಿದಳು. ಅವ್ವ ನಗುತ್ತಾ ಪಕ್ಕದಲ್ಲಿ ಕೂತು ಕೈ ಹಿಡಿದು ಕಲಿಸಿದಳು. ನನಗೆ ತಲೆ ಬಾಚಿ ಎರಡು ಜಡೆ ಹೆಣೆಯುವ ಕೆಲಸವನ್ನು ಚಿಕ್ಕಮ್ಮ ತಾನಾಗಿಯೇ ವಹಿಸಿಕೊಂಡಳು, ಅವ್ವನ ಹಾಗೆ ಕೂದಲು ಜಗ್ಗುತ್ತಿರಲಿಲ್ಲ. ಊಟಕ್ಕೆ ನಾನು ಅವಳ ಪಕ್ಕದಲ್ಲೇ ಕೂರುತ್ತಿದ್ದೆ, ಅವಳಿಗೆ ಮುದ್ದೆ ಮುರಿದು ಅಗಿಯದೆ ನುಂಗುವುದನ್ನು ತೋರಿಸಿಕೊಟ್ಟವಳೂ ನಾನೇ. ಮದುವೆಯಾಗಿ ತಿಂಗಳೊಳಗೆ ಆ ವರ್ಷದ ಪಂದ್ಯ ಬಂತು. ಹೊಸ ಸೊಸೆಯನ್ನು ಸಂಭ್ರಮದಿಂದ ಮಾಳಿಗೆಗೆ ಹತ್ತಿಸಿ, ಚಾಪೆ ಹಾಸಿ ಕೂರಿಸಿದೆವು. ಅವತ್ತು ನಮ್ಮವರು ಮೊದಲ ಸುತ್ತಿನಲ್ಲೇ, ಎರಡೇ ಗೇಮಿನಲ್ಲಿ ಸೋತು ಹೋದರು. ಇಪ್ಪತ್ತೇಳರವರೆಗೂ ಹೋಗಲಿಲ್ಲ. ಅಷ್ಟು ಬೇಗ ಅವರು ಹಿಂದೆಂದೂ ಸೋತಿರಲಿಲ್ಲ. ಏಣಿ ಇಳಿಯುವಾಗ ಅಜ್ಜಿ ಯಾರಿಗೂ ಅಲ್ಲ ಎಂಬಂತೆ ಅಂದಳು:

"ಹೊಸ ಕಾಲು ಮ್ಯಾಲೆ ಹತ್ತಿದ್ದಕ್ಕೆ ಹಿಂಗಾತು."

ಕಾಲ್ಗುಣ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅವತ್ತು ಸಂಜೆ. ಸೊಸೆ ಮನೆಗೆ ಬಂದ ಮೇಲೆ ಎಮ್ಮೆ ಈದರೆ, ಮಳೆ ಬಂದರೆ, ಗಂಡನಿಗೆ ನೌಕರಿ ಸಿಕ್ಕರೆ ಕಾಲ್ಗುಣ ಚೆನ್ನಾಗಿದೆ ಎನ್ನುತ್ತಾರೆ. ಏನಾದರೂ ಕೆಟ್ಟರೆ ಅದಕ್ಕೂ ಅವಳ ಕಾಲೇ ಹೊಣೆ. ಅಜ್ಜಿ ಕೆಟ್ಟವಳಲ್ಲ. ಚಿಕ್ಕಮ್ಮನಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತವಳು ಅವಳೇ. ಆದರೆ ಟೀಮಿನ ವಿಷಯದಲ್ಲಿ ಅವಳಿಗೆ ಯಾರ ಮುಲಾಜೂ ಇರಲಿಲ್ಲ. ಮಾರನೆಯ ವರ್ಷ ಪಂದ್ಯದ ದಿನ ಚಿಕ್ಕಮ್ಮ ಕೈ ಒರೆಸಿಕೊಂಡು ಏಣಿಯ ಹತ್ತಿರ ಬಂದಾಗ ಅಜ್ಜಿ ಮೇಲಿನಿಂದಲೇ ಮೆತ್ತಗೆ ಹೇಳಿದಳು:

"ನೀ ಕೆಳಾಗೇ ಇರವ್ವ ಗಿರಿಜ. ಹಾಲು ಉಕ್ಕತೈತೆ ನೋಡ್ಕೊ."

ಒಲೆಯ ಮೇಲೆ ಹಾಲೇ ಇರಲಿಲ್ಲ. ಚಿಕ್ಕಮ್ಮ ಒಂದು ಗಳಿಗೆ ಏಣಿಯ ಮೇಲೆ ಕೈಯಿಟ್ಟು ನಿಂತಿದ್ದು ಒಳಗೆ ಹೋದಳು. ಆ ವರ್ಷವೂ ಸೋತೆವು. ಅವಳು ಮೇಲೆ ಬಾರದಿದ್ದರೂ ಸೋತೆವಲ್ಲ, ಅಲ್ಲಿಗೆ ಈ ವಿಚಾರ ನಿಂತುಹೋಗಬೇಕಿತ್ತು. ನಿಲ್ಲದಂತೆ ನೋಡಿಕೊಂಡವಳು ನಾನು. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅವಳು ಬಯಲಿನ ಕಡೆ ತಿರುಗಿದ್ದನ್ನು ಕಂಡೆನೆಂದು ನಾನೇ ಅಜ್ಜಿಗೆ ವರದಿ ಮಾಡಿದೆ. ಮುಂದಿನ ಸಲ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿಸಿದೆ. ಅದೂ ಸಾಲದೆ, ಆ ಮೂರನೆಯ ವರ್ಷ ಪಂದ್ಯದ ಬೆಳಿಗ್ಗೆ ಚಿಕ್ಕಮ್ಮ ನನ್ನ ಜಡೆ ಹೆಣೆಯುತ್ತಿರುವಾಗ, ಬೆನ್ನು ಅವಳ ಕಡೆ ಇದ್ದುದರಿಂದಲೋ ಏನೋ, ಧೈರ್ಯವಾಗಿ ಹೇಳಿಬಿಟ್ಟೆ:

"ಚಿಕ್ಕಮ್ಮ, ನೋಡಾದು ಅಷ್ಟೇ ಅಲ್ಲ, ಕೇಳಿಸ್ಕಂಡ್ರೂ ದೋಷ ಅಂತೆ. ಗದ್ದಲ ಕಿವಿಗೆ ಬೀಳದಂಗೆ ಇರು."

ಹಾಗಂತ ಯಾರೂ ಹೇಳಿರಲಿಲ್ಲ. ಆ 'ಅಂತೆ' ಪೂರ್ತಿ ನನ್ನದು. ಅವಳ ಕೈ ಜಡೆಯಲ್ಲಿ ಒಂದು ಕ್ಷಣ ನಿಂತು ಮತ್ತೆ ಹೆಣೆಯಿತು.

"ಆತು ಬಿಡವ್ವ," ಅಂದಳು. "ನೀವು ಗೆದ್ರೆ ಸಾಕು."

ಆ ವರ್ಷ ಏನಾಯಿತೋ, ನಮ್ಮವರು ಫೈನಲ್ಲಿಗೆ ಬಂದರು. ಎದುರಿಗೆ ಚನ್ನಗಿರಿ. ಶಾಲೆಯ ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ, ಬೇವಿನ ಮರದ ತುಂಬ ಜನ. ಮೊದಲ ಗೇಮು ನಮಗೆ, ಎರಡನೆಯದು ಅವರಿಗೆ. ಮೂರನೆಯದರಲ್ಲಿ ಇಪ್ಪತ್ತು ಇಪ್ಪತ್ತು ಆದಾಗ ಅಪ್ಪನ ಗಂಟಲು ಒಣಗಿ ಕೂಗಲು ದನಿಯೇ ಬರದಾಯಿತು. ನೀರು ತರಲು ನನ್ನನ್ನು ಕೆಳಗಟ್ಟಿದರು. ಅರೆಮನಸ್ಸಿನಿಂದ ಏಣಿ ಇಳಿದು, ಓಡಿ ಅಡುಗೆ ಮನೆಗೆ ಹೋದೆ. ಕಿಟಕಿ ಮುಚ್ಚಿತ್ತು, ಒಳಗೆ ಮಬ್ಬು. ಚಿಕ್ಕಮ್ಮ ಒಲೆಯ ಪಕ್ಕದ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕುಕ್ಕರಗಾಲಲ್ಲಿ ಕೂತಿದ್ದಳು. ಸೆರಗನ್ನು ತಲೆಯ ಮೇಲಿನಿಂದ ಬಿಗಿಯಾಗಿ ಸುತ್ತಿ, ಎರಡೂ ಅಂಗೈಗಳಿಂದ ಕಿವಿ ಅದುಮಿಕೊಂಡಿದ್ದಳು. ಕಣ್ಣೂ ಮುಚ್ಚಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತಿನಿಂದ, ಎರಡು ಗೇಮು ಮುಗಿದು ಮೂರನೆಯದು ಅರ್ಧ ದಾಟುವವರೆಗೂ, ಅವಳು ಹಾಗೇ ಕೂತಿದ್ದಳು.

ನನಗೆ ಆಗ ಹತ್ತು ವರ್ಷ ತುಂಬಿತ್ತೋ ಇಲ್ಲವೋ. ನಾಚಿಕೆ ಎಂದರೇನೆಂದು ತಿಳಿದದ್ದು ಅಲ್ಲಿ, ಆ ನೀರಿನ ಕೊಡದ ಎದುರು. ಅವಳ ಭುಜ ಮುಟ್ಟಿ ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಪಾಯಿಂಟು ಇಪ್ಪತ್ತು ಇಪ್ಪತ್ತಿತ್ತು. ಈಗ ಎಬ್ಬಿಸಿ ಆಮೇಲೆ ಸೋತರೆ ಎಂಬ ಹೆದರಿಕೆ ನಾಚಿಕೆಗಿಂತ ಒಂದು ಕೈ ಮೇಲಿತ್ತು. ಸದ್ದಾಗದಂತೆ ಚೊಂಬಿನಲ್ಲಿ ನೀರು ಮೊಗೆದು ಮೇಲೆ ಹೋದೆ. ಇಂಥ ಅಭಿಮಾನಿ ನಾನು. ಇದನ್ನು ಬರೆಯದೆ ಮಿಕ್ಕದ್ದನ್ನು ಬರೆದರೆ ಲೆಕ್ಕಕ್ಕೆ ಬಾರದು.

ನಾವು ಗೆದ್ದೆವು. ಇಪ್ಪತ್ತೆಂಟು ಇಪ್ಪತ್ತಾರು ಇದ್ದಾಗ ಚನ್ನಗಿರಿಯವನು ಹೊಡೆದ ಚೆಂಡು ಪರಮೇಶಿಯ ಮುಖಕ್ಕೇ ಬಂತು. ಅವನು ಕಣ್ಣು ಮುಚ್ಚಿ ಬ್ಯಾಟು ಅಡ್ಡ ಹಿಡಿದ. ಚೆಂಡು ಬ್ಯಾಟಿಗೆ ಬಡಿದು, ಗಾಳಿಗೆ ಸಿಕ್ಕಿ, ಬಲೆಯ ಮೇಲೇರಿ ಆ ಕಡೆ ತಪ್ಪನೆ ಬಿತ್ತು. ಅದಕ್ಕಿಂತ ಜೋರಾದ ಗದ್ದಲವನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅಪ್ಪ ಅವ್ವನ ಮೊರ ಕಿತ್ತುಕೊಂಡು ಗಾಳಿಯಲ್ಲಿ ಬೀಸಿದರು, ಹುರುಳಿಯೆಲ್ಲ ಬೀದಿಗೆ ಬಿತ್ತು. ಚಿಕ್ಕಪ್ಪನನ್ನು ಹೆಗಲ ಮೇಲೆ ಹೊತ್ತು ಮನೆಯವರೆಗೂ ತಂದರು. ಹೊತ್ತು ಮುಳುಗುವ ಮುಂಚೆ ನಮ್ಮ ಪಡಸಾಲೆಯಲ್ಲಿ ಅರ್ಧ ಊರು. ಅಜ್ಜಿ ಮಗನಿಗೆ ಕೆಂಪು ನೀರಿನ ಆರತಿ ಎತ್ತಿದಳು. ಚಿಕ್ಕಮ್ಮ ಮೊರದ ತುಂಬ ಮಂಡಕ್ಕಿ ಒಗ್ಗರಣೆ ಮಾಡಿ ತಂದಳು, ಎಲ್ಲರಿಗೂ ಚಹಾ ಕೊಟ್ಟಳು. ಅದುಮಿ ಅದುಮಿ ಅವಳ ಕಿವಿ ಇನ್ನೂ ಕೆಂಪಗಿತ್ತು. ಬಂದವರು ಹೋಗಿ ನಾವು ಮನೆಯವರಷ್ಟೇ ಉಳಿದಾಗ ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡು ಶುರು ಮಾಡಿದಳು:

"ನೋಡಿದೇನೋ ತಿಪ್ಪೇಶಿ. ಅವಳು ಇವತ್ತು ಇಣುಕಿ ಸೈತ ನೋಡ್ಲಿಲ್ಲ. ಗೆದ್ರಿ. ನಾ ಹೇಳಿದ್ದು ಸುಳ್ಳಾ?"

ಚಿಕ್ಕಪ್ಪ ನಕ್ಕ. ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನಕ್ಕ. ಅವನ ಮೇಲೆ ನನಗೆ ಆ ನಗುವಿಗಾಗಿ ಈಗಲೂ ಸಿಟ್ಟಿದೆ. ಅಪ್ಪ ಒಳ್ಳೆಯ ಹುರುಪಿನಲ್ಲಿದ್ದರು:

"ಹಂಗಾದ್ರೆ ಮುಂದಿನ್ ವರ್ಷದಿಂದ ಪಂದ್ಯದ ತಿಂಗಳು ಪೂರಾ ಸಾಸ್ವೆಹಳ್ಳಿಗೆ ಕಳಿಸಿಬಿಡಾಣ. ನಮ್ದೇ ಬಸ್ಸು, ನಾನೇ ಸೀಟು ಹಿಡಿದು ಕುಂದ್ರಿಸ್ತೀನಿ."

ಎಲ್ಲರೂ ನಕ್ಕರು. ಚಿಕ್ಕಮ್ಮನೂ ಎಲ್ಲರ ಜೊತೆ ನಕ್ಕು, ಖಾಲಿ ಲೋಟಗಳನ್ನು ಎತ್ತಿಕೊಳ್ಳತೊಡಗಿದಳು. ನನಗೆ ಮಾತ್ರ ಇದು ತಮಾಷೆಯಲ್ಲ ಎಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಗೆದ್ದ ದಿನ ನಡೆದದ್ದೆಲ್ಲ ಕಾನೂನಾಗುತ್ತದೆ. ಹುರುಳಿ ಕೇರುವ ಹಾಗೆ, ಚಿಕ್ಕಮ್ಮ ಮೂಲೆಯಲ್ಲಿ ಕಿವಿ ಮುಚ್ಚಿ ಕೂರುವುದೂ ಇನ್ನು ವರ್ಷಾವರ್ಷ ನಡೆಯುತ್ತದೆ. ಬಾಯಿಯಿಂದ ಬಂದೇಬಿಟ್ಟಿತು:

"ಚಿಕ್ಕಮ್ಮ ನೋಡಿದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು.

"ಕಣಜದ ಕ್ವಾಣೆ ಕಿಟಕೀಲಿ. ಜ್ವಾಳದ ಚೀಲದ ಮ್ಯಾಲೆ ನಿಂತ್ಕಂಡು. ನಾನೇ ನಿಲ್ಸಿ ಬಂದಿದ್ದೆ. ಮೊದಲ್ನೇ ಗೇಮಿಂದ ಕಡೇ ಪಾಯಿಂಟ್ ತನ್ಕ ನೋಡ್ಯಾಳೆ."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಲೋಟ ಹಿಡಿದು ಬಗ್ಗಿದ್ದ ಚಿಕ್ಕಮ್ಮ ಹಾಗೇ ನಿಂತಳು. ನನ್ನನ್ನು ನೋಡಿದಳು. ಬಾಯಲ್ಲಿ ಒಂದು ಸುಳ್ಳೂ ಬಾರದ ಹೆಂಗಸು ಅವಳು. ಅವಳು ಇಲ್ಲ ಎಂದರೆ ನನಗೆ ಬೀಳುವ ಏಟಿಗಿಂತ, ಅವಳು ಇಲ್ಲ ಎಂದುಬಿಟ್ಟರೆ ಅವಳ ಗತಿ ಏನು ಎಂಬ ಭಯ ನನಗೆ.

"ಹೌದೇನೆ ಗಿರಿಜ?" ಅಜ್ಜಿ ಕೇಳಿದಳು.

"ಹ್ಞೂಂ ಅತ್ತೆ," ಅಂದಳು ಚಿಕ್ಕಮ್ಮ. "ತಪ್ಪಾತು."

"ಮೂರೂ ಗೇಮು?"

"ಮೂರೂ."

ಅಜ್ಜಿಯ ಲೆಕ್ಕಾಚಾರ ತಲೆಕೆಳಗಾಗಿತ್ತು, ಆದರೆ ಲೆಕ್ಕಾಚಾರದ ಮೇಲಿನ ನಂಬಿಕೆ ಅಲ್ಲಾಡಿರಲಿಲ್ಲ. ಕೊನೆಗೆ ಎದ್ದು ಹೋಗಿ ಅಡಿಕೆ ಉಗುಳಿ ಬಂದು ತೀರ್ಪು ಕೊಟ್ಟಳು:

"ಆ ಕಿಟಕೀಲಿ ಎಡಗಡೆ ಅರ್ಧ ಅಂಕಣ ಕಾಣಂಗಿಲ್ಲ. ಮುಂದಿನ್ ಸಲ ಮ್ಯಾಲೆ ಬಾ."

ನಾನು ಅಡುಗೆ ಮನೆಗೆ ಹೋದಾಗ ಚಿಕ್ಕಮ್ಮ ಲೋಟ ತೊಳೆಯುತ್ತಿದ್ದಳು. ತಿರುಗಿ ನೋಡದೆ ಕೇಳಿದಳು:

"ಯಾಕೆ ಸುಳ್ಳು ಹೇಳ್ದೆ?"

ನನಗೆ ಅಳು ಬಂತು. ಕಾರಣ ಹೇಳಲು ಬಾರದೆ, ಮನಸ್ಸಿನಲ್ಲಿದ್ದ ಇನ್ನೊಂದು ಹೆದರಿಕೆಯನ್ನು ಹೇಳಿದೆ:

"ಮುಂದಿನ್ ಸಲ ನೀ ಮ್ಯಾಲೆ ಬಂದಾಗ ಸೋತ್ರೆ?"

ಏಕೆಂದರೆ ನಾನು ಇನ್ನೂ ನಂಬುತ್ತಿದ್ದೆ. ಇದನ್ನು ನಂಬುವುದು ಕಷ್ಟ, ಆದರೆ ನಿಜ. ಅವಳ ಕಾಲ್ಗುಣದಿಂದಲೇ ನಮ್ಮವರು ಸೋಲುತ್ತಾರೆ, ಅವಳು ಕಿವಿ ಮುಚ್ಚಿದ್ದರಿಂದಲೇ ಗೆದ್ದರು ಎಂದು ಪೂರ್ತಿ ನಂಬಿಕೊಂಡೇ ಆ ಸುಳ್ಳು ಹೇಳಿದ್ದೆ. ನಮ್ಮೂರ ಟೀಮಿನ ಮುಂದಿನ ಎಲ್ಲ ಕಪ್ಪುಗಳನ್ನೂ ಕೈಯಾರೆ ಕೊಟ್ಟುಬಿಟ್ಟೆನೆಂದು ನನಗನ್ನಿಸಿತ್ತು. ಚಿಕ್ಕಮ್ಮ ಒದ್ದೆ ಕೈಯಲ್ಲೇ ನನ್ನ ಮುಖ ಒರೆಸಿ, ನನಗೊಂದು ಹಿಡಿ ಮಂಡಕ್ಕಿ ಕೊಟ್ಟಳು.

ಮುಂದಿನ ವರ್ಷ ಮತ್ತೆ ಫೈನಲ್ಲಿಗೆ ಬಂದೆವು, ಈ ಸಲ ಹೊನ್ನಾಳಿಯವರ ಎದುರು. ಅವಳ ತವರಿನ ಕಡೆಯವರು. ಚಿಕ್ಕಮ್ಮ ಅಜ್ಜಿಯ ಎಡಗಡೆ ಕೂತಳು. ಆ ಒಂದು ವರ್ಷದಲ್ಲಿ ಅವಳು ಚಿಕ್ಕಪ್ಪನನ್ನು ಪೀಡಿಸಿ ಆಟದ ಪಟ್ಟುಗಳನ್ನೆಲ್ಲ ಕೇಳಿ ತಿಳಿದುಕೊಂಡಿದ್ದಳು. ಮೊದಲ ಗೇಮಿನಲ್ಲಿ ಸುಮ್ಮನಿದ್ದಳು. ಎರಡನೆಯದರಲ್ಲಿ ಚಿಕ್ಕಪ್ಪ ಸುಲಭದ ಚೆಂಡೊಂದನ್ನು ಬಲೆಗೆ ಹೊಡೆದಾಗ ಹಣೆ ಬಡಿದುಕೊಂಡಳು. ಮೂರನೆಯದರಲ್ಲಿ ಅಪ್ಪನ ಪಕ್ಕ ಎದ್ದು ನಿಂತಿದ್ದಳು, ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿರಲಿಲ್ಲ. ನಾನು ಆಟವನ್ನು ಅರ್ಧ, ಅವಳನ್ನು ಅರ್ಧ ನೋಡುತ್ತಿದ್ದೆ. ಇಪ್ಪತ್ತೇಳರವರೆಗೆ ಹೋದೆವು. ಅಲ್ಲಿಂದ ಒಂದೊಂದಾಗಿ ಬಿಟ್ಟುಕೊಟ್ಟು, ನಮ್ಮ ಹಳೆಯ ಪದ್ಧತಿಯ ಪ್ರಕಾರ, ಸೋತೆವು.

ಬಯಲಿನಲ್ಲಿ ಹೊನ್ನಾಳಿಯವರು ಕುಣಿಯುತ್ತಿದ್ದರು. ಮಾಳಿಗೆಯ ಮೇಲೆ ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿದಳು. ಈಗ ಆ ಕಾಲ್ಗುಣದ ಮಾತು ಬರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ. ಕಣ್ಣು ತೆರೆದರೆ ಚಿಕ್ಕಮ್ಮ ಮಾಳಿಗೆಯ ಅಂಚಿನಲ್ಲಿ ಕುಸಿದು ಕೂತು ಅಳುತ್ತಿದ್ದಳು. ಬೈಗುಳಕ್ಕೆ ಹೆದರಿ ಅತ್ತ ಅಳುವಲ್ಲ. ಈ ಅಳುವನ್ನು ನಾನು ಬಲ್ಲೆ, ಇದು ನನ್ನದೇ ಅಳು. ಇಪ್ಪತ್ತೇಳರವರೆಗೆ ಹೋಗಿ ಸೋತವರಿಗಾಗಿ ಅಳುವ ಅಳು.

"ಗೆಲ್ತಿದ್ರಲ್ಲ ಅತ್ತೆ," ಅಂದಳು ಬಿಕ್ಕುತ್ತಾ. "ನಮ್ಮೋರು ಗೆಲ್ತಿದ್ರಲ್ಲ."

ಅಜ್ಜಿ ಕೂತಲ್ಲಿಂದಲೇ ಜರುಗಿ ಅವಳ ಹತ್ತಿರ ಬಂದಳು. ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು.

"ಅಳಬ್ಯಾಡ ಬಿಡು, ಹುಚ್ಚಿ. ಈ ಮನೆಗೆ ಬಂದ ಮ್ಯಾಲೆ ಇದೆಲ್ಲ ಇದ್ದದ್ದೇ. ಮುಂದಿನ್ ವರ್ಷ ನೋಡಾಣ."